ಎಲ್ಲಿಂದ ಶುರು ಮಾಡೋಣ?

ಅಮೆರಿಕದಲ್ಲಿ ಶಾಲೆ ಯಾವತ್ತು ಶುರುವಾಗುತ್ತದೆ ಎಂದು ಕೇಳಿದರೆ ಊರಿಗೊಂದು ಉತ್ತರ ಸಿಗುತ್ತದೆ. ಟೆಕ್ಸಾಸ್, ಜಾರ್ಜಿಯಾ ಕಡೆಯ ಮಕ್ಕಳು ಆಗಸ್ಟಿನ ಸುಡುಬಿಸಿಲಲ್ಲೇ ಹಳದಿ ಬಸ್ಸು ಹತ್ತುತ್ತಾರೆ. ನ್ಯೂಯಾರ್ಕ್ ನಗರದ ಮಕ್ಕಳಿಗೆ ಸೆಪ್ಟೆಂಬರಿನ ಮೊದಲ ಸೋಮವಾರದ ಕಾರ್ಮಿಕರ ದಿನ ಕಳೆಯುವವರೆಗೆ ರಜೆ. ವರ್ಜೀನಿಯಾ ರಾಜ್ಯ 1986ರಲ್ಲಿ ಕಾನೂನನ್ನೇ ಮಾಡಿತು: ವಿಶೇಷ ವಿನಾಯಿತಿ ಇಲ್ಲದೆ ಯಾವ ಶಾಲೆಯೂ ಕಾರ್ಮಿಕರ ದಿನಕ್ಕೆ ಮೊದಲು ಬಾಗಿಲು ತೆರೆಯುವಂತಿಲ್ಲ. ಅದರ ಹಿಂದೆ ಇದ್ದದ್ದು ಪ್ರವಾಸೋದ್ಯಮದ ಲೆಕ್ಕಾಚಾರ. ಆಗಸ್ಟ್ ಕೊನೆಯ ಗಿರಾಕಿಗಳು ಕೈತಪ್ಪಬಾರದು ಅಷ್ಟೆ. ಅಲ್ಲಿಯ ಒಂದು ಅಮ್ಯೂಸ್‌ಮೆಂಟ್ ಪಾರ್ಕಿನ ಹೆಸರು ಸೇರಿಸಿ ಜನ ಅದನ್ನು 'ಕಿಂಗ್ಸ್ ಡೊಮಿನಿಯನ್ ಕಾನೂನು' ಎಂದೇ ಕರೆದರು. ಅದು ಸಡಿಲವಾದದ್ದು 2019ರಲ್ಲಿ.

ಅಷ್ಟುದ್ದದ ಬೇಸಿಗೆ ರಜೆ ಯಾಕೆ ಎಂದು ಅಲ್ಲಿ ಯಾರನ್ನಾದರೂ ಕೇಳಿ ನೋಡಿ. ಹಿಂದೆ ಮಕ್ಕಳು ಹೊಲದಲ್ಲಿ ದುಡಿಯಬೇಕಿತ್ತಲ್ಲ, ಅದಕ್ಕೆ ಎನ್ನುತ್ತಾರೆ. ಕೇಳುವುದಕ್ಕೇನೋ ಸರಿ ಅನಿಸುತ್ತದೆ. ಆದರೆ ರೈತನಿಗೆ ಹೆಚ್ಚು ಕೈಗಳು ಬೇಕಾಗುವುದು ಬಿತ್ತನೆಗೆ ಮತ್ತು ಕೊಯ್ಲಿಗೆ, ಅಂದರೆ ವಸಂತದಲ್ಲಿ ಮತ್ತು ಶರತ್ಕಾಲದಲ್ಲಿ. ಹತ್ತೊಂಬತ್ತನೇ ಶತಮಾನದ ಹಳ್ಳಿ ಶಾಲೆಗಳು ಚಳಿಗಾಲದಲ್ಲೂ ನಡುಬೇಸಿಗೆಯಲ್ಲೂ ನಡೆಯುತ್ತಿದ್ದವು. ಈಗಿನ ಉದ್ದ ರಜೆ ಹುಟ್ಟಿದ್ದು ಪೇಟೆಗಳ ಸೆಖೆಯಿಂದ, ಸೆಖೆ ತಾಳದೆ ಊರು ಬಿಡುತ್ತಿದ್ದ ಉಳ್ಳವರಿಂದ, ಹಳ್ಳಿಗೂ ಪೇಟೆಗೂ ಒಂದೇ ವೇಳಾಪಟ್ಟಿ ತರಲು ಹೊರಟ ಶಿಕ್ಷಣ ಸುಧಾರಕರಿಂದ. ಎಲ್ಲರೂ ನಂಬಿದ ಕಥೆಯೊಂದು ಸುಳ್ಳಾಗಿರಬಹುದು ಎಂದು ತೋರಿಸಲು ಇತಿಹಾಸದ ಟೀಚರಿಗೆ ದೂರ ಹೋಗಬೇಕಾಗಿಲ್ಲ, ಮಕ್ಕಳು ಆಗತಾನೇ ಮುಗಿಸಿ ಬಂದ ರಜೆಯೇ ಸಾಕು.

ಮಿಡಲ್ ಸ್ಕೂಲ್ ಎಂದರೆ ಸಾಮಾನ್ಯವಾಗಿ ಆರರಿಂದ ಎಂಟನೇ ತರಗತಿ, ಹನ್ನೊಂದರಿಂದ ಹದಿನಾಲ್ಕರ ಪ್ರಾಯ. ಅಲ್ಲಿಯವರೆಗೆ ಒಬ್ಬರೇ ಟೀಚರ ಕೋಣೆಯಲ್ಲಿ ದಿನವಿಡೀ ಕೂತಿದ್ದ ಮಗು ಈಗ ಗಂಟೆ ಹೊಡೆದಾಗಲೆಲ್ಲ ಕೋಣೆ ಬದಲಿಸಬೇಕು, ಲಾಕರಿನ ಸಂಖ್ಯೆ ನೆನಪಿಡಬೇಕು, ಊಟಕ್ಕೆ ಯಾರ ಪಕ್ಕ ಕೂರುವುದೆಂದು ಚಿಂತಿಸಬೇಕು. ಟೀಚರಿಗೋ ದಿನಕ್ಕೆ ಐದು ತಂಡ, ಒಟ್ಟು ನೂರಿಪ್ಪತ್ತು, ನೂರೈವತ್ತು ಮಕ್ಕಳು. ಮೊದಲ ವಾರದ ಹಾಜರಿಯಲ್ಲಿ ನಮ್ಮ ಕಡೆಯ ಹೆಸರುಗಳು ಬಂದಾಗ ಒಂದು ಸಣ್ಣ ಮೌನ ಇರುತ್ತದೆ, ಆಮೇಲೆ ಒಂದು ಪ್ರಯತ್ನ. ಲಕ್ಷ್ಮೀನಾರಾಯಣರ ಮೊಮ್ಮಕ್ಕಳಿಗೆಲ್ಲ ಆ ಮೌನ ಚೆನ್ನಾಗಿ ಗೊತ್ತು.

ಇಡೀ ದೇಶಕ್ಕೆ ಒಂದೇ ಇತಿಹಾಸದ ಪಠ್ಯಕ್ರಮ ಅಮೆರಿಕದಲ್ಲಿ ಇಲ್ಲ. ಶಿಕ್ಷಣ ರಾಜ್ಯಗಳ ಕೈಯಲ್ಲಿದೆ, ಅದರಲ್ಲೂ ಅರ್ಧ ಅಧಿಕಾರ ಊರಿನ ಶಾಲಾ ಮಂಡಳಿಯ ಕೈಯಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ದೇಶದ ಇತಿಹಾಸವನ್ನು ಮೂರು ತುಂಡು ಮಾಡಿದ್ದಾರೆ: ಐದನೇ ತರಗತಿಗೆ ವಸಾಹತುಗಳ ಕಾಲ, ಎಂಟಕ್ಕೆ ಸಂವಿಧಾನದಿಂದ ಮೊದಲ ಮಹಾಯುದ್ಧದ ಹೊಸ್ತಿಲವರೆಗೆ, ಹನ್ನೊಂದಕ್ಕೆ ಇಪ್ಪತ್ತನೇ ಶತಮಾನ. ಟೆಕ್ಸಾಸಿನ ಎಂಟನೇ ತರಗತಿ ವಸಾಹತುಗಳಿಂದ ಹೊರಟು 1877ಕ್ಕೆ ನಿಲ್ಲುತ್ತದೆ. ನ್ಯೂಯಾರ್ಕ್ ಇದನ್ನು ಏಳು ಮತ್ತು ಎಂಟಕ್ಕೆ ಹಂಚಿ, ಮೂಲನಿವಾಸಿಗಳಿಂದ ಇವತ್ತಿನವರೆಗೆ ಓಡುತ್ತದೆ. ಡಲ್ಲಾಸಿನಿಂದ ನ್ಯೂಯಾರ್ಕಿಗೆ ವರ್ಗವಾಗಿ ಹೋದ ಸಾಫ್ಟ್‌ವೇರ್ ಸಂಸಾರದ ಮಗು ಒಂದೇ ಯುದ್ಧವನ್ನು ಎರಡು ಸಲ ಕಲಿಯಬಹುದು, ಇನ್ನೊಂದನ್ನು ಕಲಿಯದೆಯೇ ದಾಟಬಹುದು.

ಕಲಿಯುವುದೂ ಎಷ್ಟು? ರಾಷ್ಟ್ರಮಟ್ಟದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಕೆಲವು ವರ್ಷಗಳಿಗೊಮ್ಮೆ ನಡೆಯುವ ಮಾದರಿ ಪರೀಕ್ಷೆಯಲ್ಲಿ ಅಮೆರಿಕದ ಇತಿಹಾಸದ ಸರಾಸರಿ ಅಂಕ 2014ರಲ್ಲಿ 267 ಇತ್ತು, 2018ರಲ್ಲಿ 263, 2022ರಲ್ಲಿ 258. 'ಪ್ರಾವೀಣ್ಯ' ಎಂದು ಅವರು ಕರೆಯುವ ಮಟ್ಟ ಮುಟ್ಟಿದವರು ನೂರಕ್ಕೆ 13 ಮಕ್ಕಳು. ಪತ್ರಿಕೆಗಳು ಮಕ್ಕಳನ್ನೂ ಫೋನನ್ನೂ ಬೈದವು. ಕಾರಣ ಇನ್ನೂ ಹಿಂದಿದೆ ಎಂಬುದು ನನ್ನ ಅನುಮಾನ. 2002ರಲ್ಲಿ ಜಾರಿಗೆ ಬಂದ ಕೇಂದ್ರದ ಶಿಕ್ಷಣ ಕಾನೂನು ಮೂರರಿಂದ ಎಂಟನೇ ತರಗತಿಯವರೆಗೆ ಓದು ಮತ್ತು ಗಣಿತಕ್ಕೆ ಪ್ರತಿವರ್ಷ ಪರೀಕ್ಷೆ ಕಡ್ಡಾಯ ಮಾಡಿತು. ಶಾಲೆಯ ಮಾನ ಆ ಎರಡು ಅಂಕಗಳ ಮೇಲೆ ನಿಂತಾಗ ಪ್ರಾಥಮಿಕ ತರಗತಿಗಳಲ್ಲಿ ಇತಿಹಾಸದ ಪೀರಿಯಡ್ಡನ್ನು ಓದೂ ಗಣಿತವೂ ನುಂಗಿದವು. ಹಾಗಾಗಿ ಮಿಡಲ್ ಸ್ಕೂಲಿನ ಟೀಚರಿಗೆ ಸಿಗುವ ಅನೇಕ ಮಕ್ಕಳಿಗೆ ಅದು ನಿಜವಾದ ಮೊದಲ ಇತಿಹಾಸದ ತರಗತಿ.

ಹಾಗೆಂದು ಅವರು ಖಾಲಿ ತಲೆಯಲ್ಲಿ ಬರುವುದಿಲ್ಲ. ಸ್ಟ್ಯಾನ್‌ಫರ್ಡಿನ ಸ್ಯಾಮ್ ವೈನ್‌ಬರ್ಗ್ ಮತ್ತು ಸಂಗಡಿಗರು ಹೈಸ್ಕೂಲ್ ಮಕ್ಕಳ ಕೈಗೆ ಖಾಲಿ ಹಾಳೆ ಕೊಟ್ಟು, ಅಧ್ಯಕ್ಷರನ್ನೂ ಅವರ ಹೆಂಡತಿಯರನ್ನೂ ಬಿಟ್ಟು ಅತ್ಯಂತ ಹೆಸರುವಾಸಿ ಅಮೆರಿಕನ್ನರು ಯಾರೆಂದು ಬರೆಯಲು ಹೇಳಿದ್ದರು. 2008ರಲ್ಲಿ ಪ್ರಕಟವಾದ ಆ ಸಮೀಕ್ಷೆಯಲ್ಲಿ ಮೊದಲ ಮೂರು ಸ್ಥಾನ ಮಾರ್ಟಿನ್ ಲೂಥರ್ ಕಿಂಗ್, ರೋಸಾ ಪಾರ್ಕ್ಸ್ ಮತ್ತು ಹ್ಯಾರಿಯೆಟ್ ಟಬ್‌ಮನ್ ಅವರದು. ಮೂವರೂ ಕಪ್ಪು ಜನ. ಇತಿಹಾಸ ಗೊತ್ತಿಲ್ಲ ಎಂದು ಮಕ್ಕಳನ್ನು ದೂರುವ ಹಿರಿಯರ ಪಟ್ಟಿಯೂ ಹೆಚ್ಚುಕಡಿಮೆ ಹೀಗೇ ಇತ್ತು. ಸಿನಿಮಾ, ಫೆಬ್ರುವರಿಯ ಕಪ್ಪು ಜನರ ಇತಿಹಾಸ ಮಾಸದ ಭಿತ್ತಿಚಿತ್ರ, ಅಜ್ಜಿಯ ಮಾತು, ಈಗ ಯೂಟ್ಯೂಬು, ಹೀಗೆ ಎಲ್ಲೆಲ್ಲಿಂದಲೋ ಬಂದ ಇತಿಹಾಸ ತಲೆ ತುಂಬ ಇರುತ್ತದೆ. ಅದನ್ನೆಲ್ಲ ಎಲ್ಲಿಂದ ತಿಳಿದೆ ಎಂದು ಮಾತ್ರ ಯಾರೂ ಕೇಳಿರುವುದಿಲ್ಲ.

ಈ ಕಾರಣಕ್ಕೇ ಅನೇಕ ಟೀಚರುಗಳು ಮೊದಲ ವಾರ ಪುಸ್ತಕ ತೆಗೆಸುವುದೇ ಇಲ್ಲ. ವೈನ್‌ಬರ್ಗ್ ಕಟ್ಟಿದ ತಂಡ ಉಚಿತವಾಗಿ ಹಂಚಿದ ಪಾಠಗಳಲ್ಲಿ ತೀರಾ ಜನಪ್ರಿಯವಾದ ಆರಂಭದ ಪಾಠದಲ್ಲಿ ಅಮೆರಿಕವೇ ಇಲ್ಲ. ಶಾಲೆಯ ಊಟದ ಹಾಲಿನಲ್ಲಿ ಇಬ್ಬರು ಹುಡುಗರು ಹೊಡೆದಾಡಿದ್ದಾರೆ. ನೀನು ಹೆಡ್‌ಮಾಸ್ಟರ್. ಯಾರು ಮೊದಲು ಕೈ ಎತ್ತಿದ್ದು? ಜಗಳವಾಡಿದವರ ಹೇಳಿಕೆ ಒಂದು ಥರ, ಅವರ ಗೆಳೆಯರದು ಇನ್ನೊಂದು, ದೂರದಲ್ಲಿ ಕೂತಿದ್ದ ಹುಡುಗಿಯದು ಮತ್ತೊಂದು. ಯಾರೂ ಸುಳ್ಳು ಹೇಳದೆ ಇದ್ದರೂ ಹೇಳಿಕೆಗಳು ಯಾಕೆ ಹೊಂದುವುದಿಲ್ಲ? ಯಾರ ಮಾತಿಗೆ ಹೆಚ್ಚು ತೂಕ? ಹನ್ನೆರಡು ವರ್ಷದವರಿಗೆ ಇದರಲ್ಲಿ ಯಾರ ಸಹಾಯವೂ ಬೇಡ. ಗುಂಪು, ಪಕ್ಷಪಾತ, ಸಾಕ್ಷಿಯ ಉದ್ದೇಶ ಇವೆಲ್ಲ ಅವರ ದಿನನಿತ್ಯದ ವ್ಯವಹಾರ. ಆ ವಯಸ್ಸಿನಲ್ಲಿ ನ್ಯಾಯದ ಪ್ರಶ್ನೆ ಹಸಿವಿನಷ್ಟೇ ತೀವ್ರ.

ಮಾರನೆಯ ದಿನ ಅದೇ ಕಣ್ಣಿನಿಂದ ಪೋಕಹಾಂಟಸಳನ್ನು ನೋಡಿಸುತ್ತಾರೆ. ಕಥೆ ಎಲ್ಲರಿಗೂ ಗೊತ್ತು, 1995ರ ಡಿಸ್ನಿ ಚಿತ್ರದ ಕೃಪೆ. ಜೇಮ್ಸ್‌ಟೌನಿನ ಇಂಗ್ಲಿಷ್ ನಾಯಕ ಜಾನ್ ಸ್ಮಿತ್ 1607ರ ಕೊನೆಯಲ್ಲಿ ಸೆರೆಸಿಕ್ಕ. ಪೌಹಟನ್ ದೊರೆ ಅವನ ತಲೆ ಜಜ್ಜಿಸಲು ಹೊರಟಾಗ ದೊರೆಯ ಮಗಳು ತನ್ನ ತಲೆಯನ್ನೇ ಅವನ ತಲೆಯ ಮೇಲಿಟ್ಟು ಉಳಿಸಿದಳು. ಹೇಳಿದ್ದು ಯಾರು? ಸ್ಮಿತ್ ಒಬ್ಬನೇ. ಯಾವಾಗ? ಘಟನೆಯ ಬೆನ್ನಿಗೇ 1608ರಲ್ಲಿ ಪ್ರಕಟವಾದ ಅವನ ವರದಿಯಲ್ಲಿ ದೊರೆ ಅವನನ್ನು ಆದರದಿಂದ ಕಂಡ ವಿವರವಿದೆ, ತಲೆ ಜಜ್ಜುವ ಪ್ರಸಂಗ ಇಲ್ಲ. ಅದು ವಿಸ್ತಾರವಾಗಿ ಕಾಣಿಸಿಕೊಳ್ಳುವುದು 1624ರ ಅವನ ದೊಡ್ಡ ಗ್ರಂಥದಲ್ಲಿ. ಅಷ್ಟರಲ್ಲಿ ಪೋಕಹಾಂಟಸ್ ಇಂಗ್ಲಿಷರವನನ್ನು ಮದುವೆಯಾಗಿ, ಲಂಡನ್ನಿಗೆ ಹೋಗಿ, ಅಲ್ಲಿ ಹೆಸರು ಮಾಡಿ, 1617ರಲ್ಲಿ ಗ್ರೇವ್ಸೆಂಡಿನಲ್ಲಿ ಸತ್ತೂ ಆಗಿತ್ತು. ಎದುರಾಡಲು ಅವಳು ಉಳಿದಿರಲಿಲ್ಲ.

ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡ ಮಕ್ಕಳಲ್ಲಿ ಅರ್ಧ ಜನ ತಕ್ಷಣ 'ಸ್ಮಿತ್ ಬುರುಡೆ ಬಿಟ್ಟ' ಎನ್ನುತ್ತಾರೆ. ಒಳ್ಳೆಯ ಟೀಚರು ಅಲ್ಲಿಗೆ ಬಿಡುವುದಿಲ್ಲ. ಮೊದಲ ವರದಿ ಹೊಸ ವಸಾಹತಿಗೆ ಜನರನ್ನೂ ಹಣವನ್ನೂ ಸೆಳೆಯಬೇಕಾಗಿದ್ದ ಹೊತ್ತಿನದು. ಅದರಲ್ಲಿ ತನ್ನ ಕೊರಳಿಗೆ ಬಂದಿದ್ದ ಕುತ್ತನ್ನು ಅವನು ಮುಚ್ಚಿಟ್ಟಿರಬಹುದಲ್ಲ? ಅದು ಕೊಲ್ಲುವ ಏರ್ಪಾಡೇ ಆಗಿರದೆ ಅವನನ್ನು ಕುಲಕ್ಕೆ ಸೇರಿಸಿಕೊಳ್ಳುವ ವಿಧಿ ಆಗಿದ್ದು, ಅವನಿಗೆ ತಿಳಿಯದೇ ಹೋಗಿರಬಹುದಲ್ಲ? ಇತಿಹಾಸಕಾರರಲ್ಲಿ ಮೂರೂ ಬಗೆಯವರಿದ್ದಾರೆ. ಅಂದಹಾಗೆ, ಆ ಘಟನೆ ನಡೆದಿದ್ದರೆ ಆಗ ಅವಳಿಗೆ ಸುಮಾರು ಹನ್ನೊಂದು ವರ್ಷ, ಆರನೇ ತರಗತಿಯ ಮಗು. ಚಿತ್ರದಲ್ಲಿ ತೋರಿಸಿದ ತರುಣಿ ಅಲ್ಲ. ಈ ಒಂದು ಸಂಗತಿ ಕೇಳಿದಾಗ ತರಗತಿಯಲ್ಲಿ ಏಳುವ ಗದ್ದಲಕ್ಕೆ ಯಾವ ಪಠ್ಯಪುಸ್ತಕದ ಚಿತ್ರವೂ ಸಾಟಿಯಾಗದು.

ಇದೇ ಸಾಲಿನ ಮೂರನೆಯ ಪಾಠ ಲೆಕ್ಸಿಂಗ್ಟನ್. 1775ರ ಏಪ್ರಿಲ್ 19ರ ಬೆಳಗಿನ ಜಾವ ಅಲ್ಲಿ ಅಮೆರಿಕದ ಕ್ರಾಂತಿಯ ಮೊದಲ ಗುಂಡು ಹಾರಿಸಿದವರು ಯಾರು? ಅಲ್ಲಿದ್ದ 34 ಜನ ಸ್ಥಳೀಯರು ಆರು ದಿನಗಳ ನಂತರ ಪ್ರಮಾಣ ಮಾಡಿ, ನಾವು ಚದುರುತ್ತಿದ್ದಾಗ ಸೈನಿಕರೇ ಹೊಡೆದರು ಎಂದು ಬರೆದುಕೊಟ್ಟರು. ಬ್ರಿಟಿಷ್ ಸೈನ್ಯಾಧಿಕಾರಿ ಜಾನ್ ಬಾರ್ಕರ್ ತನ್ನ ದಿನಚರಿಯಲ್ಲಿ ಅವರೇ ಒಂದೆರಡು ಗುಂಡು ಹಾರಿಸಿದರು ಎಂದು ಬರೆದುಕೊಂಡ. ಸತ್ತವರು ಎಂಟು ಜನ ವಸಾಹತಿನವರು. ಪ್ರಮಾಣಪತ್ರಕ್ಕೆ ಬೆಲೆ ಹೆಚ್ಚೋ, ಯಾರಿಗೂ ತೋರಿಸಲೆಂದು ಬರೆಯದ ದಿನಚರಿಗೋ? ವೈನ್‌ಬರ್ಗ್ ಇವೇ ಕಾಗದಗಳನ್ನು ಎಂಟು ಇತಿಹಾಸಕಾರರಿಗೂ ಎಂಟು ಹೈಸ್ಕೂಲ್ ವಿದ್ಯಾರ್ಥಿಗಳಿಗೂ ಕೊಟ್ಟು ಓದಿಸಿದ ಅಧ್ಯಯನ 1991ರಲ್ಲಿ ಬಂತು. ವಿದ್ಯಾರ್ಥಿಗಳು ಮೊದಲ ಸಾಲಿನಿಂದ ಓದಲು ತೊಡಗಿದರು. ಇತಿಹಾಸಕಾರರ ಕಣ್ಣು ಮೊದಲು ಹೋದದ್ದು ಹಾಳೆಯ ತುದಿಗೆ: ಯಾರು ಬರೆದದ್ದು, ಯಾವತ್ತು, ಯಾರಿಗಾಗಿ. ಅವರಲ್ಲಿ ಕೆಲವರಿಗೆ ಅಮೆರಿಕದ ಕ್ರಾಂತಿಯ ವಿವರಗಳು ಅಷ್ಟಾಗಿ ಗೊತ್ತಿರಲಿಲ್ಲ, ಅವರ ಕ್ಷೇತ್ರವೇ ಬೇರೆ. ಆದರೂ ಚೆನ್ನಾಗಿ ಓದಿದವರು ಅವರೇ.

ನನಗೆ ಇಷ್ಟವಾಗದ ಆರಂಭಗಳೂ ಇವೆ. ಮಿಠಾಯಿ ಹಂಚಿ, ಆಮೇಲೆ 'ರಾಜನ ತೆರಿಗೆ' ಎಂದು ಒಂದೊಂದೇ ಕಿತ್ತುಕೊಂಡು ಕ್ರಾಂತಿಯನ್ನು ವಿವರಿಸುವ ಆಟ ಬಹಳ ಚಾಲ್ತಿಯಲ್ಲಿದೆ. ಮಕ್ಕಳಿಗೆ ಸಿಟ್ಟು ಬರುತ್ತದೆ, ನಿಜ. ಆದರೆ ಆ ತೆರಿಗೆಗಳು ಎಷ್ಟಿದ್ದವು, ಯಾತರ ಸಾಲ ತೀರಿಸಲು ಹಾಕಿದ್ದು ಎಂಬುದು ಮಿಠಾಯಿಯ ಜೊತೆ ಕರಗಿಹೋಗುತ್ತದೆ. ಗುಲಾಮರ ಹರಾಜನ್ನು ತರಗತಿಯಲ್ಲೇ ನಟಿಸಿ ತೋರಿಸಹೋಗಿ ರಾದ್ಧಾಂತವಾದ ಪ್ರಸಂಗಗಳು ಇವೆ. ಅವಮಾನವನ್ನು ಅಭಿನಯಿಸಿ ಕಲಿಸಬಹುದೆಂದು ಯಾರಿಗೆ ತೋಚಿತೋ.

ಈಗ ಶೀರ್ಷಿಕೆಯ ಪ್ರಶ್ನೆಗೆ ಬರೋಣ. ಹೇಗೆ ಓದುವುದೆಂದು ಕಲಿಸಿದ್ದಾಯಿತು. ಯಾವ ಇಸವಿಯಿಂದ ಕಥೆ ಶುರು?

ಟೆಕ್ಸಾಸಿನ ಪಠ್ಯಕ್ರಮ ಎಂಟನೇ ತರಗತಿಯ ಮಗು ತಿಳಿದಿರಲೇಬೇಕಾದ ಇಸವಿಗಳನ್ನು ಬಹುಕಾಲದಿಂದ ಹೆಸರಿಸುತ್ತ ಬಂದಿದೆ: 1607ರ ಜೇಮ್ಸ್‌ಟೌನ್, 1620ರ ಮೇಫ್ಲವರ್ ಒಪ್ಪಂದ, 1776, 1787, ಲೂಯಿಸಿಯಾನಾ ಖರೀದಿಯ 1803, ಅಂತರ್ಯುದ್ಧದ 1861ರಿಂದ 65. ಮೊದಲ ಎರಡರ ನಡುವೆ ಒಂದು ಇಸವಿ ಇದೆ, 1619. ಆ ವರ್ಷದ ಆಗಸ್ಟಿನಲ್ಲಿ ವರ್ಜೀನಿಯಾದ ಪಾಯಿಂಟ್ ಕಂಫರ್ಟಿಗೆ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ಹೊತ್ತ ಹಡಗು ಬಂತು. ಮೇಫ್ಲವರ್ ಬಂದದ್ದು ಅದರ ಮರುವರ್ಷ. 2019ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ನಿಕೋಲ್ ಹ್ಯಾನ್ನಾ-ಜೋನ್ಸ್ ಮುಂದಾಳತ್ವದಲ್ಲಿ 1619ರಿಂದಲೇ ದೇಶದ ಕಥೆ ಹೇಳಿದರೆ ಹೇಗಿರುತ್ತದೆ ಎಂದು ವಿಶೇಷಾಂಕ ತಂದಿತು. ಮರುವರ್ಷ ಅಧ್ಯಕ್ಷ ಟ್ರಂಪ್ ಅದಕ್ಕೆ ಎದುರಾಗಿ '1776' ಎಂಬ ಹೆಸರಿನ ಆಯೋಗವನ್ನೇ ರಚಿಸಿದರು. 2021ರಲ್ಲಿ ಟೆಕ್ಸಾಸ್ ಸೇರಿ ಹಲವು ರಾಜ್ಯಗಳು ಜನಾಂಗದ ವಿಷಯವನ್ನು ತರಗತಿಯಲ್ಲಿ ಹೇಗೆ ಮಾತಾಡಬೇಕು, ಹೇಗೆ ಮಾತಾಡಬಾರದು ಎಂದು ಕಾನೂನು ಮಾಡಿದವು. ಎರಡು ಇಸವಿಗಳ ನಡುವೆ ಇಷ್ಟು ದೊಡ್ಡ ಯುದ್ಧ!

ಇದು ಹೊಸ ಯುದ್ಧವೂ ಅಲ್ಲ. 1994ರಲ್ಲಿ ಇತಿಹಾಸಕಾರ ಗ್ಯಾರಿ ನ್ಯಾಷ್ ಮತ್ತಿತರರು ಇಡೀ ದೇಶಕ್ಕೆ ಸಲಹೆಯ ರೂಪದಲ್ಲಿ ಇತಿಹಾಸದ ಮಾನದಂಡಗಳನ್ನು ಸಿದ್ಧಪಡಿಸಿದರು. ಅವು ಹೊರಬರುವ ಮೊದಲೇ ಲಿನ್ ಚೇನಿ ಪತ್ರಿಕೆಯಲ್ಲಿ ಹರಿಹಾಯ್ದರು. ಆ ಕೆಲಸಕ್ಕೆ ಹಣ ಮಂಜೂರಾದಾಗ ಹಣ ಕೊಟ್ಟ ಸಂಸ್ಥೆಯ ಮುಖ್ಯಸ್ಥೆಯಾಗಿದ್ದವರು ಅವರೇ ಎಂಬುದು ಬೇರೆ ಮಾತು. 1995ರ ಜನವರಿಯಲ್ಲಿ ಸೆನೆಟ್ 99-1 ಮತಗಳಿಂದ ಆ ಮಾನದಂಡಗಳನ್ನು ಖಂಡಿಸಿತು. ಪಠ್ಯಪುಸ್ತಕದ ಜಗಳ ಎಂದರೇನೆಂದು 2022ರ ಬೇಸಿಗೆಯಲ್ಲಿ ಕರ್ನಾಟಕದಲ್ಲಿದ್ದ ಯಾರಿಗೂ ವಿವರಿಸಬೇಕಾಗಿಲ್ಲ. ವ್ಯತ್ಯಾಸ ಇಷ್ಟೆ: ನಮ್ಮಲ್ಲಿ ಜಗಳ ಮುಗಿದರೆ ಇಡೀ ರಾಜ್ಯಕ್ಕೆ ಒಂದು ಪುಸ್ತಕ ಬರುತ್ತದೆ, ಅಲ್ಲಿ ಜಗಳ ಶಾಲಾ ಮಂಡಳಿಯಿಂದ ಶಾಲಾ ಮಂಡಳಿಗೆ ಅಲೆಯುತ್ತದೆ. 2015ರಲ್ಲಿ ಟೆಕ್ಸಾಸಿನ ಒಂದು ಭೂಗೋಳ ಪುಸ್ತಕದ ನಕ್ಷೆಯ ಕೆಳಗೆ, ಆಫ್ರಿಕಾದಿಂದ ಗುಲಾಮರ ಹಡಗುಗಳಲ್ಲಿ ಬಂದವರನ್ನು ಕೆಲಸಗಾರರು ಎಂದು ಬರೆದಿತ್ತು. ಅದನ್ನು ಕಂಡದ್ದು ಓದುತ್ತಿದ್ದ ಹುಡುಗ. ಅವನು ತಾಯಿಗೆ ತೋರಿಸಿದ, ಅವರು ಲೋಕಕ್ಕೆ ತೋರಿಸಿದರು, ಪ್ರಕಾಶಕರು ತಿದ್ದಿದರು.

ಇಷ್ಟೆಲ್ಲದರ ನಡುವೆ ಪಾಠ ಮಾಡಬೇಕಾದ ಟೀಚರು ಏನು ಮಾಡಬೇಕು? ಕೆಲವರು ಜಾಣತನದಿಂದ ಈ ಪ್ರಶ್ನೆಯನ್ನೇ ಮೊದಲ ಪಾಠ ಮಾಡುತ್ತಾರೆ. ಗೋಡೆಗೆ ಒಂದು ಉದ್ದದ ದಾರ, ಅದರ ಮೇಲೆ ಇಸವಿಗಳ ಚೀಟಿ. ಅಮೆರಿಕದ ಇತಿಹಾಸ ಶುರುವಾಗುವ ಜಾಗದಲ್ಲಿ ನಿಂತುಕೊಳ್ಳಿ, ಯಾಕೆ ಅಲ್ಲೇ ನಿಂತಿರಿ ಹೇಳಿ. 1776ರ ಬಳಿ ನಿಂತವರಿಗೆ ಒಂದು ಚಿಕ್ಕ ತೊಡಕು ಕಾದಿರುತ್ತದೆ: ಸ್ವಾತಂತ್ರ್ಯಕ್ಕೆ ಮತ ಬಿದ್ದದ್ದು ಜುಲೈ 2ರಂದು, ಮುಂದೆ ಜನ ಆ ದಿನವನ್ನೇ ಹಬ್ಬ ಮಾಡುತ್ತಾರೆಂದು ಜಾನ್ ಆಡಮ್ಸ್ ಹೆಂಡತಿಗೆ ಬರೆದಿದ್ದ. 4ರಂದು ಆದದ್ದು ಘೋಷಣೆಯ ಪಠ್ಯಕ್ಕೆ ಒಪ್ಪಿಗೆ. ಸಹಿಗಳಲ್ಲಿ ಹೆಚ್ಚಿನವು ಬಿದ್ದದ್ದು ಆಗಸ್ಟ್ 2ಕ್ಕೆ.

ಇನ್ನೂ ಹಿಂದಕ್ಕೆ ಹೋದರೆ ಸೇಂಟ್ ಲೂಯಿಸ್ ನಗರದ ಎದುರು ದಡದಲ್ಲಿ ಕಾಹೋಕಿಯಾ ಇದೆ. ಸುಮಾರು 1100ರ ವೇಳೆಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಬಾಳಿದ ಪಟ್ಟಣ, ಇವತ್ತಿಗೂ ಮೂವತ್ತು ಮೀಟರ್ ಎತ್ತರದ ಮಣ್ಣಿನ ದಿಬ್ಬ. ಅದಕ್ಕೂ ಹಿಂದೆ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್ ಎಂಬಲ್ಲಿ ಒಣಗಿದ ಕೆರೆಯಂಗಳದಲ್ಲಿ ಮನುಷ್ಯರ ಹೆಜ್ಜೆಗುರುತುಗಳಿವೆ. 2021ರಲ್ಲಿ ವಿಜ್ಞಾನಿಗಳು ಅವುಗಳಿಗೆ 21ರಿಂದ 23 ಸಾವಿರ ವರ್ಷಗಳ ವಯಸ್ಸು ಕಟ್ಟಿದರು. ವಿವಾದವೂ ನಡೆಯಿತು, ಆಮೇಲಿನ ಪರೀಕ್ಷೆಗಳು ಹೆಚ್ಚುಕಡಿಮೆ ಅದೇ ಕಾಲವನ್ನು ಹೇಳಿದವು. ಆ ಹೆಜ್ಜೆಗಳಲ್ಲಿ ಹೆಚ್ಚಿನವು ಮಕ್ಕಳವು ಮತ್ತು ಹದಿಹರೆಯದವರವು. ನಾನು ಆ ತರಗತಿಯ ಟೀಚರಾಗಿದ್ದರೆ ಪರದೆಯ ಮೇಲೆ ಮೊದಲು ಹಾಕುವ ಚಿತ್ರ ಅದೇ.

ಸೆಪ್ಟೆಂಬರಿನಲ್ಲಿ ಒಂದು ಸಂಜೆ ತಂದೆತಾಯಿ ಶಾಲೆಗೆ ಬರುತ್ತಾರೆ. 'ಬ್ಯಾಕ್ ಟು ಸ್ಕೂಲ್ ನೈಟ್' ಎಂದು ಹೆಸರು. ಮಗುವಿನ ವೇಳಾಪಟ್ಟಿ ಹಿಡಿದು ಕೋಣೆಯಿಂದ ಕೋಣೆಗೆ ಓಡಬೇಕು, ಪ್ರತಿ ಟೀಚರಿಗೆ ಹತ್ತು ನಿಮಿಷ. ಚಿಕ್ಕಂದಿನಲ್ಲಿ ಪಾಣಿಪತ್ ಕದನಗಳ ಕಾರಣ ಮತ್ತು ಪರಿಣಾಮಗಳನ್ನು ಬಾಯಿಪಾಠ ಮಾಡಿ ಬಂದ ನಮ್ಮವರಿಗೆ ಇತಿಹಾಸದ ಕೋಣೆಯಲ್ಲಿ ತುಸು ಗಲಿಬಿಲಿ. ಪಠ್ಯಪುಸ್ತಕ ಮನೆಗೆ ಕೊಡುವುದಿಲ್ಲವೆ? ಎರಡು ವಾರವಾಯಿತು, ಒಂದು ಅಧ್ಯಾಯವೂ ಮುಗಿದಿಲ್ಲವೆ? ಊಟದ ಹಾಲಿನ ಜಗಳವೇ? ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ, ಅದನ್ನು ಯಾರೂ ಕೇಳುವುದಿಲ್ಲ: ಈ ಕಥೆಯಲ್ಲಿ ನಮ್ಮ ಮಗು ಎಲ್ಲಿದೆ?

ಕ್ರಾಂತಿಯ ಪಾಠದಲ್ಲೇ ಇದೆ, ಹುಡುಕಿದರೆ. 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ನೀರಿಗೆ ಬಿದ್ದ ಚಹಾ ಈಸ್ಟ್ ಇಂಡಿಯಾ ಕಂಪನಿಯದು. ಚಹಾ ಚೀನಾದ್ದು, ಆದರೆ ಆ ಕಂಪನಿ ದಿವಾಳಿಯ ಅಂಚಿಗೆ ಬಂದು ಗೋದಾಮಿನ ಚಹಾವನ್ನು ಹೇಗಾದರೂ ಸಾಗಹಾಕಬೇಕಾಗಿ ಬಂದ ಕಾರಣಗಳಲ್ಲಿ 1770ರ ಬಂಗಾಳದ ಕ್ಷಾಮ ಒಂದು. 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನಿನಲ್ಲಿ ಸೋತು, ಕಾಯಿಲೆಯ ನೆಪ ಹೇಳಿ ಶರಣಾಗತಿಗೆ ತನ್ನ ಕೈಕೆಳಗಿನವನನ್ನು ಕಳಿಸಿದ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ ಅಮೆರಿಕದ ಪುಸ್ತಕದಲ್ಲಿ ಅಲ್ಲಿಗೇ ಮಾಯವಾಗುತ್ತಾನೆ. ಅವನು ಎಲ್ಲಿ ಹೋದ ಎಂದು ಕನ್ನಡದ ಮಗು ಹೇಳಬಲ್ಲದು: 1791ರಲ್ಲಿ ಬೆಂಗಳೂರಿನ ಕೋಟೆ ಹಿಡಿದ, 1792ರಲ್ಲಿ ಶ್ರೀರಂಗಪಟ್ಟಣದ ಬಾಗಿಲಲ್ಲಿ ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಪಡೆದ. ಎಲ್ಲಕ್ಕಿಂತ ಸೊಗಸಾದದ್ದು ಒಂದು ಹಡಗು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಇಪ್ಪತ್ತೆರಡರ ಹರೆಯದ ಜೋಶುವಾ ಬಾರ್ನಿ ತನಗಿಂತ ಬಲವಾಗಿದ್ದ 'ಜನರಲ್ ಮಾಂಕ್' ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿದ. ಪೆನ್ಸಿಲ್ವೇನಿಯಾ ರಾಜ್ಯಕ್ಕೆ ಸೇರಿದ ಅವನ ಹಡಗಿನ ಹೆಸರು 'ಹೈದರ್ ಆಲಿ'. ಬ್ರಿಟಿಷರ ನಿದ್ದೆ ಕೆಡಿಸಿದ್ದ ಮೈಸೂರಿನ ಹೈದರನ ಕೀರ್ತಿ ಫಿಲಡೆಲ್ಫಿಯಾದವರೆಗೂ ಹಬ್ಬಿತ್ತು. ಫಿಲಿಪ್ ಫ್ರೆನೋ ಆ ಗೆಲುವಿನ ಮೇಲೆ ಕವಿತೆ ಕಟ್ಟಿದ. ಎಂಟನೇ ತರಗತಿಯ ಪುಸ್ತಕಗಳಿಗೆ ಇದು ಅಡಿಟಿಪ್ಪಣಿಗೂ ಸಾಲದ ವಿಷಯ ಎಂದು ಬಲ್ಲೆ, ಆದರೆ ಹಾಜರಿಯಲ್ಲಿ ಹೆಸರು ತಡವರಿಸುವ ಒಂದು ಮಗುವಿಗೆ ಇದು ಅಡಿಟಿಪ್ಪಣಿಗಿಂತ ದೊಡ್ಡದು.

ಉಳಿದದ್ದಕ್ಕೆ ಆ ಮಗು ಕಾಯಬೇಕು. ಭಾರತದವರು ಅಮೆರಿಕದ ಪೌರರಾಗಲು ಅರ್ಹರಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಹೇಳಿದ್ದು, 1946ರಲ್ಲಿ ಆ ತಡೆ ಹೋದದ್ದು, ಅದರ ಅಪ್ಪ ಅಮ್ಮ ಬರಲು ದಾರಿ ತೆರೆದ 1965ರ ವಲಸೆ ಕಾನೂನು, ಇವೆಲ್ಲ ಇಪ್ಪತ್ತನೇ ಶತಮಾನ. ಕ್ಯಾಲಿಫೋರ್ನಿಯಾದಲ್ಲಾದರೆ ಹನ್ನೊಂದನೇ ತರಗತಿಯವರೆಗೆ ಆ ಪುಟಗಳು ಬರುವುದಿಲ್ಲ.

ಸೆಪ್ಟೆಂಬರ್ 17 ಸಂವಿಧಾನ ದಿನ. 1787ರ ಆ ದಿನ ಫಿಲಡೆಲ್ಫಿಯಾದಲ್ಲಿ 39 ಪ್ರತಿನಿಧಿಗಳು ಸಹಿ ಹಾಕಿದರು. 2004ರಲ್ಲಿ ಸೆನೆಟರ್ ರಾಬರ್ಟ್ ಬರ್ಡ್ ತಂದ ಕಾನೂನಿನಂತೆ ಕೇಂದ್ರದ ಹಣ ಪಡೆಯುವ ಎಲ್ಲ ಶಾಲೆಗಳೂ ಆವತ್ತು ಸಂವಿಧಾನದ ಬಗ್ಗೆ ಏನಾದರೂ ಕಲಿಸಲೇಬೇಕು. ವಸಾಹತುಗಳೇ ಇನ್ನೂ ಹುಟ್ಟದ ತರಗತಿಗೆ ಸಂವಿಧಾನ ಹಾರಿ ಬಂದು ಬೀಳುತ್ತದೆ. ಆವತ್ತು ಬಹಳ ಕಡೆ ಮಕ್ಕಳಿಂದ 'ತರಗತಿಯ ಸಂವಿಧಾನ' ಬರೆಸುತ್ತಾರೆ: ಒಬ್ಬರ ಮಾತಿನ ನಡುವೆ ಬಾಯಿ ಹಾಕಬಾರದು, ಎಲ್ಲರನ್ನೂ ಗೌರವಿಸಬೇಕು. ಚೆಂದವೇ. ಆದರೆ 1787ರ ಆ ಬೇಸಿಗೆಯಲ್ಲಿ ಕಿಟಕಿ ಮುಚ್ಚಿಕೊಂಡು ಕೂತವರು ಶಿಷ್ಟಾಚಾರದ ಪಟ್ಟಿ ಮಾಡುತ್ತಿರಲಿಲ್ಲ. ದೊಡ್ಡ ರಾಜ್ಯಕ್ಕೂ ಚಿಕ್ಕ ರಾಜ್ಯಕ್ಕೂ ಒಂದೇ ಬಲವೇ, ಗುಲಾಮರನ್ನು ಜನಸಂಖ್ಯೆಯ ಲೆಕ್ಕಕ್ಕೆ ಹಿಡಿಯುವುದು ಹೇಗೆ ಎಂದು ಕಾದಾಡುತ್ತಿದ್ದರು. ಒಳಗೆ ನಡೆದ ಮಾತುಕತೆಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಹೆಚ್ಚಿನ ಪಾಲು ಜೇಮ್ಸ್ ಮ್ಯಾಡಿಸನ್ ಬರೆದಿಟ್ಟ ಟಿಪ್ಪಣಿಗಳಿಂದ. ಅವು ಅಚ್ಚಾದದ್ದು ಅವನು ಸತ್ತ ಮೇಲೆ, 1840ರಲ್ಲಿ. ಊಟದ ಹಾಲಿನ ಜಗಳ ಬಿಡಿಸಿದ ಮಗುವಿಗೆ ಈಗ ಮ್ಯಾಡಿಸನ್ನನನ್ನೂ ಪಾಟೀಸವಾಲು ಮಾಡಲು ಬರಬೇಕು.

ಇದಕ್ಕೆಲ್ಲ ದಿನಗಳು ಬೇಕು. ವರ್ಷಕ್ಕೆ ಸುಮಾರು 180 ಶಾಲಾ ದಿನ, ದಿನಕ್ಕೆ ಐವತ್ತು ನಿಮಿಷದೊಳಗಿನ ಒಂದು ಪೀರಿಯಡ್ಡು. ಅದರಲ್ಲಿ ಹಿಮ ಬಿದ್ದು ಹೋಗುವ ದಿನಗಳು, ಬೆಂಕಿಯ ಡ್ರಿಲ್ಲು, ಬಂದೂಕುಧಾರಿ ನುಗ್ಗಿದರೆ ಏನು ಮಾಡಬೇಕೆಂಬ ಡ್ರಿಲ್ಲು, ಪರೀಕ್ಷೆಗಳು. ಟೆಕ್ಸಾಸಿನ ಎಂಟನೇ ತರಗತಿಗೆ ರಾಜ್ಯದ ಸಮಾಜ ಪರೀಕ್ಷೆ ವಸಂತದಲ್ಲೇ ಬಂದುಬಿಡುತ್ತದೆ. ಆರಂಭದಲ್ಲಿ ಪೋಕಹಾಂಟಸಳ ಜೊತೆ ಕಳೆದ ಪ್ರತಿ ದಿನವೂ ಕೊನೆಯಲ್ಲಿ ಯಾವುದೋ ಒಂದು ದಿನವನ್ನು ತಿನ್ನುತ್ತದೆ. ಸಾಮಾನ್ಯವಾಗಿ ಅದು ತಿನ್ನುವುದು ಅಂತರ್ಯುದ್ಧದ ನಂತರದ ಪುನರ್ನಿರ್ಮಾಣದ ಕಾಲವನ್ನು, 1865ರಿಂದ 1877. ಯುದ್ಧಕ್ಕೆ ಕದನಗಳಿವೆ, ಲಿಂಕನ್ ಇದ್ದಾನೆ, ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಆಮೇಲಿನ ಹನ್ನೆರಡು ವರ್ಷಗಳಿಗೆ ಉಳಿಯುವುದು ಒಂದೆರಡು ಪೀರಿಯಡ್ಡು, ಒಂದು ವರ್ಕ್‌ಶೀಟು.

ಆ ವರ್ಕ್‌ಶೀಟಿನಲ್ಲಿ 1868ರ ಹದಿನಾಲ್ಕನೇ ತಿದ್ದುಪಡಿ ಇರುತ್ತದೆ. ಅಮೆರಿಕದ ನೆಲದಲ್ಲಿ ಹುಟ್ಟಿ ಅದರ ಕಾನೂನಿಗೆ ಒಳಪಟ್ಟವರೆಲ್ಲ ಪೌರರು ಎಂದ ತಿದ್ದುಪಡಿ. ಬಿಡುಗಡೆಯಾದ ಗುಲಾಮರಿಗಾಗಿ ಬರೆದದ್ದು, ಚೀನೀ ತಂದೆತಾಯಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್‌ಗೂ ಸಲ್ಲುತ್ತದೆ ಎಂದು 1898ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಎಚ್-1ಬಿ ವೀಸಾದ ಮೇಲೆ ಇದ್ದ ಕನ್ನಡದ ದಂಪತಿಗೆ ಸ್ಯಾನ್ ಹೋಸೆಯಲ್ಲೋ ಡಲ್ಲಾಸಿನಲ್ಲೋ ಹುಟ್ಟಿದ ಮಗು ಅಮೆರಿಕನ್ ಆಗುತ್ತ ಬಂದದ್ದು ಇದೇ ಸಾಲಿನ ಬಲದಿಂದ. 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಆದೇಶ, ತಾತ್ಕಾಲಿಕ ವೀಸಾದ ಮೇಲಿರುವವರಿಗೆ ಮುಂದೆ ಹುಟ್ಟುವ ಮಕ್ಕಳಿಗೆ ಆ ಹಕ್ಕಿಲ್ಲ ಎಂದಿತು. ಆದೇಶ ನ್ಯಾಯಾಲಯಗಳ ಮೆಟ್ಟಿಲೇರಿತು. ಎರಡೂ ಕಡೆಯ ವಕೀಲರು ಕೈಗೆತ್ತಿಕೊಂಡದ್ದು 1860ರ ದಶಕದ ಕಾಗದಗಳನ್ನು: ಯಾರು ಬರೆದದ್ದು, ಯಾವತ್ತು, ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು.

ಅನುಭವಸ್ಥ ಟೀಚರುಗಳು ಹಾಗಾಗಿ ಆಗಸ್ಟಿನಲ್ಲಿ ವರ್ಷದ ಯೋಜನೆಯನ್ನು ಕೊನೆಯಿಂದ ಹಾಕುತ್ತಾರೆ. ಪುನರ್ನಿರ್ಮಾಣಕ್ಕೆ ಮೊದಲು ಎರಡು ಮೂರು ವಾರ ಪೆನ್ನಿನಲ್ಲಿ ಕಾದಿರಿಸಿ, ಅಲ್ಲಿಂದ ಹಿಂದಕ್ಕೆ ಬರುತ್ತ ಬರುತ್ತ ಅಂತರ್ಯುದ್ಧ, ಪಶ್ಚಿಮಕ್ಕೆ ಹಬ್ಬಿದ ದೇಶ, ಸಂವಿಧಾನ, ಕ್ರಾಂತಿ ಇವಕ್ಕೆಲ್ಲ ಪೆನ್ಸಿಲಿನಲ್ಲಿ ಜಾಗ ಹಂಚುತ್ತಾರೆ. ಉಳಿದ ದಿನಗಳಲ್ಲಿ ಪೋಕಹಾಂಟಸಳಿಗೆ ಎರಡು, ಲೆಕ್ಸಿಂಗ್ಟನ್ನಿಗೆ ಒಂದು, ಊಟದ ಹಾಲಿನ ಜಗಳಕ್ಕೆ ಒಂದು.